ದಿಟ–ಸಟೆಯ ಒಗಟು: ತರ್ಕಶಿಕ್ಷಣಕ್ಕೊಂದು ಸೋಪಾನ

ಸತ್ಯವಾದಿಯಿಂದ ಸತ್ಯವು ತಿಳಿಯುತ್ತದೆಂಬುದು ಎಲ್ಲರೂ ಒಪ್ಪುವ ಮಾತು. ಸುಳ್ಳನ್ನೇ ನುಡಿಯುವವನಿಂದಲೂ ಸತ್ಯವನ್ನು ತಿಳಿಯಬಹುದೆಂದರೆ ಮೊದಲ ಕೇಳ್ವಿಗೆ ವಿಚಿತ್ರವೆನಿಸೀತು. ಈ ವೈಚಿತ್ರ್ಯವನ್ನೇ ತಿರುಳಾಗಿ ಉಳ್ಳ ಒಗಟುಗಳು ಮೊದಲು ಪುಸ್ತಕಗಳಲ್ಲಿ ಪ್ರಚಾರಗೊಂಡು, ಈಗ ಗಣಕಯಂತ್ರದ ಸಾಹಸದ ಆಟಗಳಲ್ಲಿಯೂ ಸೇರಿಕೊಂಡಿವೆ. ಮಕ್ಕಳ ವಿನೋದವೆಂದು ಹಿರಿಯರು ಇವನ್ನು ಕಡೆಗಣಿಸುವುದುಂಟು. ಆದರೆ ಇವನ್ನು ಬಿಡಿಸುವ ಕ್ರಮವು ಭಾರತೀಯ ನ್ಯಾಯಶಾಸ್ತ್ರವು 'ತರ್ಕ'ವೆಂದು ಹೆಸರಿಸಿದ ವಿಚಾರಕ್ರಮಕ್ಕೆ ತೀರ ಸಮೀಪವಾದುದು. ಆದಕಾರಣ ಉಪಾಧ್ಯಾಯರು ಇದನ್ನು ಅರಿತಿರುವುದು ಉಚಿತ.

ಈ ಬಗೆಯ ಒಗಟುಗಳನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ (1919–2017) ಅಗ್ರಗಣ್ಯರು. 'ಈ ಪುಸ್ತಕದ ಹೆಸರೇನು?' ಎಂಬ ಅರ್ಥದ ಶೀರ್ಷಿಕೆಯುಳ್ಳ ಅವರ ಗ್ರಂಥವು 1978ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ದ್ವೀಪದ ಕಲ್ಪನೆಯಿದೆ. ಆ ದ್ವೀಪದ ನಿವಾಸಿಗಳು ಎರಡು ತೆರ: ಎಂದಿಗೂ ಸುಳ್ಳಾಡದವರು, ಎಂದಿಗೂ ನಿಜವಾಡದವರು. ನೋಟದಿಂದ ಇವರನ್ನು ಗುರುತಿಸುವಂತಿಲ್ಲ. ಆಡಿದ ಮಾತಿನಿಂದಲೇ ಗುರುತಿಸಬೇಕು.

ಅಲ್ಲಿಯ ಇಬ್ಬರು ಎದುರಾದರೆಂದೂ, ಮೊದಲನೆಯವನು 'ನಾವಿಬ್ಬರೂ ಸುಳ್ಳುಗಾರರು' ಎಂದನೆಂದೂ ಇಟ್ಟುಕೊಳ್ಳೋಣ. ಅವನು ಸತ್ಯವಾದಿಯಾಗಿದ್ದರೆ ಅವನ ಮಾತು ನಿಜವಾಗಿ, ಅವನೇ ಸುಳ್ಳುಗಾರನಾಗಬೇಕಾಗುತ್ತದೆ. ಇದು ಅಸಂಭವ. ಆದ್ದರಿಂದ ಅವನು ಸುಳ್ಳುಗಾರನೇ ಸರಿ. ಸುಳ್ಳುಗಾರನ ಮಾತು ಸುಳ್ಳಾಗಬೇಕಾದುದರಿಂದ 'ಇಬ್ಬರೂ ಸುಳ್ಳುಗಾರರು' ಎಂಬುದು ಅಲ್ಲಗಳೆದುಹೋಗುತ್ತದೆ. ಮೊದಲನೆಯವನಂತೂ ಸುಳ್ಳುಗಾರ, ಆದಕಾರಣ ಎರಡನೆಯವನು ಸತ್ಯವಾದಿ. ಎರಡನೆಯವನು ತುಟಿಯನ್ನೇ ತೆರೆಯಲಿಲ್ಲ. ಆದರೂ ಒಬ್ಬ ಸುಳ್ಳುಗಾರನ ಒಂದೇ ಮಾತಿನಿಂದ ಇಬ್ಬರ ಸ್ವಭಾವವೂ ತಿಳಿಯಿತು.

'ನಾನು ಸುಳ್ಳುಗಾರ' ಎಂದು ಮಾತ್ರ ಆ ದ್ವೀಪದಲ್ಲಿ ಯಾರೂ ಹೇಳಲಾರರು. ಸತ್ಯವಾದಿ ಹೇಳಿದರೆ ಅದು ಸುಳ್ಳಾಗುತ್ತದೆ; ಸುಳ್ಳುಗಾರ ಹೇಳಿದರೆ ನಿಜವಾಗುತ್ತದೆ. 'ನಾನು ಹೇಳುವುದೆಲ್ಲ ಸುಳ್ಳು' ಎಂಬ ಇಂಥ ವಾಕ್ಯದ ತೊಡಕನ್ನು ಭರ್ತೃಹರಿಯು ತನ್ನ 'ವಾಕ್ಯಪದೀಯ'ದಲ್ಲಿ ಎತ್ತಿಕೊಂಡು, ಹಾಗೆ ಹೇಳುವವನು ಆ ವಾಕ್ಯವನ್ನೇ ಅದರ ವ್ಯಾಪ್ತಿಯೊಳಗೆ ಸೇರಿಸಿ ಹೇಳುವುದಿಲ್ಲವೆಂದು ಸಮಾಧಾನ ನೀಡಿರುವುದು ವೈಯಾಕರಣರಿಗೆ ತಿಳಿದ ಸಂಗತಿ.

ಮೇಲಿನ ವಿಚಾರದಲ್ಲಿ ನಡೆದುದೇನು? ಒಂದು ಪಕ್ಷವನ್ನು ತಾತ್ಕಾಲಿಕವಾಗಿ ಒಪ್ಪಿಕೊಂಡು, ಅದರಿಂದ ಒದಗುವ ಅನಿಷ್ಟವನ್ನು ತೋರಿಸಿ, ಆ ಪಕ್ಷವನ್ನು ಕೈಬಿಡಲಾಯಿತು. ಗೌತಮನ ನ್ಯಾಯಸೂತ್ರವು ಎಣಿಸುವ ಹದಿನಾರು ಪದಾರ್ಥಗಳಲ್ಲಿ ತರ್ಕವೂ ಒಂದು. 17ನೆಯ ಶತಮಾನದ ಅನ್ನಂಭಟ್ಟನು 'ತರ್ಕಸಂಗ್ರಹ'ದಲ್ಲಿ ಕೊಡುವ ಉದಾಹರಣೆ ಪ್ರಸಿದ್ಧವಾದುದು: ಬೆಂಕಿಯಿಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ. ಹೊಗೆಯಂತೂ ಕಾಣುತ್ತಿದೆ, ಆದ್ದರಿಂದ ಬೆಂಕಿಯಿಲ್ಲವೆಂಬ ಊಹೆಯು ನಿಲ್ಲದು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅನ್ನಂಭಟ್ಟನು ತರ್ಕವನ್ನು ಸಂಶಯ, ವಿಪರ್ಯಯಗಳ ಜೊತೆಗೆ ಅಯಥಾರ್ಥ ಅನುಭವದ ವರ್ಗದಲ್ಲಿ ಸೇರಿಸಿದ್ದಾನೆ. ಊಹೆಯು ತಾನು ದಿಟವಲ್ಲ. ಆದರೂ ದಿಟದ ನಿರ್ಣಯಕ್ಕೆ ನೆರವಾಗುತ್ತದೆ. ಸುಳ್ಳೆಂದು ಅರಿತು ಬಳಸಿದ ಸುಳ್ಳು ಸತ್ಯದ ಸೇವೆಯನ್ನು ಮಾಡಬಲ್ಲುದು.

ಇದೇ ಕ್ರಮವು ಒಂದು ಆಟದಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆಂಬುದನ್ನು ನೋಡಬಹುದು. 2025ರಲ್ಲಿ ಹೊರಬಂದ 'ಬ್ಲೂ ಪ್ರಿನ್ಸ್' ಎಂಬ ಸಾಹಸದ ಆಟದಲ್ಲಿ, ಸೈಮನ್ ಎಂಬ ಬಾಲಕನಿಗೆ ಅಜ್ಜನ ವರಸೆಯ ಬಂಧುವೊಬ್ಬನ ಮಹಾಸೌಧವು ಉಯಿಲಿನ ಮೂಲಕ ದೊರೆಯಬೇಕಾಗಿದೆ. ಆದರೆ ನಲವತ್ತೈದು ಕೋಣೆಗಳ ಆ ಸೌಧದಲ್ಲಿ ನಲವತ್ತಾರನೆಯ ಕೋಣೆಯನ್ನು ಅವನು ಕಂಡುಹಿಡಿಯಬೇಕೆಂಬುದು ಉಯಿಲಿನ ಷರತ್ತು. ಅಲ್ಲಿಯ ಪಡಸಾಲೆಯೊಂದರಲ್ಲಿ ನೀಲಿ, ಬಿಳಿ, ಕಪ್ಪು ಬಣ್ಣಗಳ ಮೂರು ಪೆಟ್ಟಿಗೆಗಳಿವೆ. ಒಂದರಲ್ಲಿ ಮಾತ್ರ ರತ್ನಗಳಿವೆ; ಉಳಿದೆರಡು ಬರಿದು. ಪೆಟ್ಟಿಗೆಗಳ ಮೇಲೆ ಹೇಳಿಕೆಗಳಿರುತ್ತವೆ. ನಿಯಮವೇನೆಂದರೆ, ಒಂದು ಪೆಟ್ಟಿಗೆಯಾದರೂ ಕೇವಲ ನಿಜವನ್ನು ಹೇಳುತ್ತದೆ. ಒಂದಾದರೂ ಕೇವಲ ಸುಳ್ಳನ್ನು ಹೇಳುತ್ತದೆ. ಆಟಗಾರನ ಕೈಯಲ್ಲಿರುವುದು ಒಂದೇ ಕೀಲಿಕೈ. ತಪ್ಪು ಪೆಟ್ಟಿಗೆಯನ್ನು ತೆರೆದರೆ ಆ ಅವಕಾಶ ಮುಗಿದಂತೆಯೇ.

ಆ ನಿಯಮಕ್ಕೆ ಅನುಗುಣವಾಗಿ ತರಗತಿಗೆ ಯೋಗ್ಯವಾದ ಒಂದು ಉದಾಹರಣೆಯನ್ನು ಹೀಗೆ ರಚಿಸಬಹುದು:

ನೀಲಿ ಪೆಟ್ಟಿಗೆ: 'ರತ್ನಗಳು ಕಪ್ಪು ಪೆಟ್ಟಿಗೆಯಲ್ಲಿವೆ.'
ಬಿಳಿ ಪೆಟ್ಟಿಗೆ: 'ರತ್ನಗಳು ಈ ಪೆಟ್ಟಿಗೆಯಲ್ಲಿಲ್ಲ.'
ಕಪ್ಪು ಪೆಟ್ಟಿಗೆ: 'ನೀಲಿ ಪೆಟ್ಟಿಗೆಯ ಮಾತು ನಿಜ.'

ಅವಸರದ ವಿದ್ಯಾರ್ಥಿಯು ನೀಲಿಯೂ ಕಪ್ಪೂ ಒಂದೇ ಮಾತನ್ನು ಹೇಳುತ್ತವೆಯೆಂದು ಬಹುಮತಕ್ಕೆ ತಲೆಬಾಗಿ ಕಪ್ಪು ಪೆಟ್ಟಿಗೆಯನ್ನು ತೆರೆಯುವನು. ವಿಚಾರಪರನು ಮೂರು ಊಹೆಗಳನ್ನು ಸಾಲಾಗಿ ಪರೀಕ್ಷಿಸುವನು. ರತ್ನಗಳು ಕಪ್ಪು ಪೆಟ್ಟಿಗೆಯಲ್ಲಿದ್ದರೆ ನೀಲಿಯ ಮಾತು ನಿಜ, ಬಿಳಿಯದು ನಿಜ, ಕಪ್ಪಿನದೂ ನಿಜ. ಸುಳ್ಳು ಹೇಳುವ ಪೆಟ್ಟಿಗೆಯೇ ಇಲ್ಲವಾಗಿ ನಿಯಮಭಂಗವಾಗುತ್ತದೆ. ಬಿಳಿಯಲ್ಲಿದ್ದರೆ ಮೂರೂ ಮಾತುಗಳು ಸುಳ್ಳಾಗುತ್ತವೆ. ನಿಜ ಹೇಳುವ ಪೆಟ್ಟಿಗೆಯಿಲ್ಲದೆ ಮತ್ತೆ ನಿಯಮಭಂಗ. ನೀಲಿಯಲ್ಲಿದ್ದರೆ ನೀಲಿಯ ಮಾತು ಸುಳ್ಳು, ಬಿಳಿಯದು ನಿಜ, ಕಪ್ಪಿನದು ಸುಳ್ಳು, ನಿಯಮಕ್ಕೆ ಕುಂದಿಲ್ಲ. ಆದ್ದರಿಂದ ರತ್ನಗಳು ನೀಲಿ ಪೆಟ್ಟಿಗೆಯಲ್ಲಿವೆ. ಅಲ್ಲಿವೆಯೆಂದು ಯಾವ ಪೆಟ್ಟಿಗೆಯೂ ಹೇಳಿರಲಿಲ್ಲ!

ಕಣ್ಮುಚ್ಚಿ ಒಂದನ್ನು ತೆರೆದರೂ ಮೂರರಲ್ಲಿ ಒಂದು ಪಾಲು ರತ್ನ ಸಿಗುವ ಸಂಭವವುಂಟು. ಆದರೆ ಅದು ಘುಣಾಕ್ಷರನ್ಯಾಯ. ಹುಳವು ಮರವನ್ನು ಕೊರೆದಾಗ ಆಕಸ್ಮಿಕವಾಗಿ ಅಕ್ಷರವೊಂದು ಮೂಡಿದರೆ, ಹುಳಕ್ಕೆ ಅಕ್ಷರಜ್ಞಾನವಿದೆಯೆಂದು ಯಾರೂ ಹೇಳರು. ಸರಿಯುತ್ತರ ದೊರೆತ ಮಾತ್ರಕ್ಕೆ ಜ್ಞಾನವು ದೊರೆಯಿತೆನ್ನಲಾಗದು.

ಸುಳ್ಳುಗಾರನಿಗೆ ತಕ್ಕ ಪ್ರಶ್ನೆ ಹಾಕುವುದೂ ಒಂದು ಕಲೆ. ಎರಡು ಬಾಗಿಲುಗಳ ಒಗಟು ಇದಕ್ಕೆ ನಿದರ್ಶನ. 1986ರ 'ಲ್ಯಾಬಿರಿಂತ್' ಎಂಬ ಇಂಗ್ಲಿಷ್ ಚಲನಚಿತ್ರದಲ್ಲಿಯೂ ಇದು ಬರುತ್ತದೆ. ಒಂದು ಬಾಗಿಲು ಗಮ್ಯಕ್ಕೆ, ಇನ್ನೊಂದು ವಿಪತ್ತಿಗೆ. ಕಾವಲುಗಾರರಲ್ಲಿ ಒಬ್ಬ ಸತ್ಯವಾದಿ, ಒಬ್ಬ ಸುಳ್ಳುಗಾರ. ಇಬ್ಬರಿಗೂ ಪರಸ್ಪರರ ಸ್ವಭಾವ ಗೊತ್ತು. ಕೇಳಬಹುದಾದುದು ಒಂದೇ ಪ್ರಶ್ನೆ. 'ಸರಿಯಾದ ಬಾಗಿಲು ಯಾವುದೆಂದು ನಿನ್ನ ಜೊತೆಗಾರನನ್ನು ಕೇಳಿದರೆ ಅವನು ಯಾವುದನ್ನು ತೋರಿಸುವನು?' ಎಂದು ಕೇಳಬೇಕು. ಸತ್ಯವಾದಿಯು ಜೊತೆಗಾರನ ಸುಳ್ಳನ್ನು ಇದ್ದಂತೆಯೇ ತಿಳಿಸುವನು. ಸುಳ್ಳುಗಾರನು ಜೊತೆಗಾರನ ಸತ್ಯವನ್ನು ತಿರುಚಿ ತಿಳಿಸುವನು. ಯಾರನ್ನು ಕೇಳಿದರೂ ಉತ್ತರದಲ್ಲಿ ಸುಳ್ಳು ಒಂದೇ ಸಲ ಬೆರೆಯುತ್ತದೆ. ತೋರಿಸಿದ ಬಾಗಿಲು ತಪ್ಪಿನದೇ ಆಗಿರುತ್ತದೆ. ಆದಕಾರಣ ಇನ್ನೊಂದರಲ್ಲಿ ಪ್ರವೇಶಿಸತಕ್ಕದ್ದು.

ಹಾಗಾದರೆ ನಿಜವಾಗಿ ಅಪಾಯಕಾರಿ ಯಾರು? ಎಂದಿಗೂ ಸುಳ್ಳಾಡುವವನಲ್ಲ, ಒಮ್ಮೆ ನಿಜ, ಒಮ್ಮೆ ಸುಳ್ಳು ಆಡುವವನು. ತರ್ಕಶಾಸ್ತ್ರಜ್ಞ ಜಾರ್ಜ್ ಬೂಲೋಸ್ 1996ರಲ್ಲಿ 'ಅತ್ಯಂತ ಕಠಿಣವಾದ ತರ್ಕದ ಒಗಟು' ಎಂಬರ್ಥದ ಹೆಸರಿನಿಂದ ಪ್ರಕಟಿಸಿದ ಸಮಸ್ಯೆಯಲ್ಲಿ ಮೂವರು ದೇವತೆಗಳಿದ್ದಾರೆ. ಒಬ್ಬನು ಸತ್ಯವಾದಿ, ಒಬ್ಬನು ಸುಳ್ಳುಗಾರ, ಮೂರನೆಯವನ ಮಾತು ಮನಬಂದಂತೆ. ಅವರ ಭಾಷೆಯಲ್ಲಿ ಹೌದು–ಅಲ್ಲಗಳಿಗೆ 'ದಾ', 'ಜಾ' ಎಂಬ ಶಬ್ದಗಳಿದ್ದು, ಯಾವುದರ ಅರ್ಥ ಯಾವುದೆಂಬುದೂ ತಿಳಿಯದು. ಮೂರೇ ಪ್ರಶ್ನೆಗಳಿಂದ ಮೂವರನ್ನೂ ಗುರುತಿಸಬೇಕು. ಬೂಲೋಸರ ಪರಿಹಾರದಲ್ಲಿ ಮೊದಲ ಪ್ರಶ್ನೆಯ ಉದ್ದೇಶವೇ ಮನಬಂದಂತೆ ನುಡಿಯುವವನಲ್ಲದ ಒಬ್ಬನನ್ನು ಕಂಡುಕೊಳ್ಳುವುದು. ಅಂಥವನು ಸುಳ್ಳುಗಾರನಾದರೂ ಚಿಂತೆಯಿಲ್ಲ; ಅವನ ಮಾತಿಗೊಂದು ನಿಯಮವುಂಟು. ನಿಯಮವಿಲ್ಲದ ಮಾತಿನಿಂದ ಸತ್ಯವನ್ನು ಹಿಂಡಿ ತೆಗೆಯುವುದು ಸಾಧ್ಯವಿಲ್ಲ.

ಇಂದಿನ ವಿದ್ಯಾರ್ಥಿಯ ಕಿವಿಗೆ ಬೀಳುವ ಮಾತುಗಳಲ್ಲಿ ಹೆಚ್ಚಿನವು ಈ ಮೂರನೆಯ ಬಗೆಯವು. ಅಂಗೈಯಲ್ಲಿಯ ಫೋನಿನಲ್ಲಿ ದಿಟವೂ ಸಟೆಯೂ ಒಂದೇ ವೇಷದಲ್ಲಿ ಬರುತ್ತವೆ. ಕಂಠಪಾಠವೊಂದರಿಂದಲೇ ಅವನ್ನು ಬೇರ್ಪಡಿಸುವ ಶಕ್ತಿ ಬಾರದು. ಉಪಾಧ್ಯಾಯರು ವಾರಕ್ಕೊಮ್ಮೆ ಇಂಥ ಒಗಟೊಂದನ್ನು ಹಲಗೆಯ ಮೇಲೆ ಬರೆದು, ಉತ್ತರಕ್ಕಿಂತ ಅದನ್ನು ಸೇರಿದ ಮೆಟ್ಟಿಲುಗಳಿಗೆ ಮನ್ನಣೆ ನೀಡುವುದು ಯುಕ್ತ. 'ನೀಲಿ ಪೆಟ್ಟಿಗೆ' ಎಂದಷ್ಟೇ ಬರೆದವನಿಗಿಂತ, ಉಳಿದೆರಡು ಏಕೆ ಅಲ್ಲವೆಂದು ಬರೆದವನು ಮೇಲು. ಉತ್ತರ ತಪ್ಪಿದರೂ ತಪ್ಪಿದ ಮೆಟ್ಟಿಲನ್ನು ತಾನೇ ಗುರುತಿಸಿ ತಿದ್ದಿಕೊಂಡವನು ಅಭಿನಂದನೀಯನು.

ಶರಣರು ಮಾತನ್ನು ಮಾತಿನಿಂದಲೇ ಅಳೆಯಲಿಲ್ಲ. ನಡೆಯೊಡನೆ ಒರೆ ಹಚ್ಚಿ ನೋಡಿದರು. ಕೇಳಿದುದನ್ನು ಒರೆ ಹಚ್ಚುವ ಆ ಮನೋಧರ್ಮವೇ ಈ ಪುಟ್ಟ ಒಗಟುಗಳಿಂದಲೂ ಅಭ್ಯಾಸವಾಗತಕ್ಕುದು. ಮಠವು ನಡೆಸುವ ಅಕ್ಷರದಾಸೋಹವು ಓದಲು ಕಲಿಸಿದಲ್ಲಿಗೆ ಮುಗಿಯುವುದಿಲ್ಲ. ಓದಿದುದು ದಿಟವೋ ಸಟೆಯೋ ಎಂದು ತಾನೇ ಪರೀಕ್ಷಿಸಿ ನೋಡುವ ಬಲವು ಮಗುವಿಗೆ ಬಂದಾಗ ಆ ದಾಸೋಹವು ಪೂರ್ಣವಾಗುತ್ತದೆ.