ಕಾಣದ ವಿದ್ಯಾರ್ಥಿಯ ಮೌಲ್ಯಮಾಪನ: ಅಂಚೆ ತೆರಪಿನಿಂದ ಅಂತರ್ಜಾಲದವರೆಗೆ

ರಾಮನಗರ ತಾಲ್ಲೂಕಿನ ಬಿಡದಿಯು ಬೆಂಗಳೂರು–ಮೈಸೂರು ಮಾರ್ಗದ ಮೇಲಿನ ಹೋಬಳಿ ಕೇಂದ್ರ. ರಾಗಿ, ರೇಷ್ಮೆಗಳ ಈ ಸೀಮೆಯ ಚಹರೆಯನ್ನು 1999ರ ಡಿಸೆಂಬರಿನಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ ಹಾಗೂ ಅದರ ಸುತ್ತ ಬೆಳೆದ ಕೈಗಾರಿಕಾ ಪ್ರದೇಶ ಬದಲಿಸಿದವು. ಪಾಳಿಯಲ್ಲಿ ದುಡಿಯುವವರಿಗೆ ಕಾಲೇಜಿನ ಹಗಲು ತರಗತಿ ಒದಗದು. ಅಂಥವರಿಗೆ ಪದವಿಯ ಒಂದು ದಾರಿ, ಅದೇ ರೈಲು ಮಾರ್ಗದಲ್ಲಿ ಮುಂದೆ ಸಿಗುವ ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಮತ್ತೊಂದು, ಈಚಿನ ಆನ್‌ಲೈನ್ ಪದವಿಗಳು. ನೆರೆಯ ಕನಕಪುರ ತಾಲ್ಲೂಕಿನ ಜಕ್ಕಸಂದ್ರದಲ್ಲಿ ಆವರಣ ಹೊಂದಿರುವ ಜೈನ್ ಪರಿಗಣಿತ ವಿಶ್ವವಿದ್ಯಾನಿಲಯವೂ ಅವನ್ನು ನೀಡುತ್ತಿದೆ. ಎರಡರಲ್ಲಿಯೂ ಏಳುವ ಮೂಲ ಪ್ರಶ್ನೆ ಒಂದೇ: ಅಧ್ಯಾಪಕನು ಕಣ್ಣಾರೆ ಕಾಣದ ವಿದ್ಯಾರ್ಥಿಯು ಕಲಿತಿದ್ದಾನೆಂದು ವಿಶ್ವವಿದ್ಯಾನಿಲಯವು ಯಾವ ಆಧಾರದ ಮೇಲೆ ದೃಢೀಕರಿಸಬೇಕು?

ಪ್ರಶ್ನೆಯು ಹೊಸದೆಂದು ತೋರಿದರೂ ಹಾಗಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ ತನ್ನ ಪದವಿ ಪರೀಕ್ಷೆಗಳನ್ನು ಕಾಲೇಜಿಗೆ ಬಾರದವರಿಗೂ ತೆರೆದಿತ್ತು. ಅದರ ಮಾದರಿಯಲ್ಲಿ 1857ರಲ್ಲಿ ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾನಿಲಯವೂ ಮೊದಲಿಗೆ ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ, ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜುಗಳ ವಿದ್ಯಾರ್ಥಿಗಳು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಮದರಾಸಿನ ಪದವಿಗಳನ್ನೇ ಪಡೆಯುತ್ತಿದ್ದರು. ಕಲಿಸುವವರು ಒಂದೆಡೆ, ಅಳೆಯುವವರು ಮತ್ತೊಂದೆಡೆ ಎಂಬ ವ್ಯವಸ್ಥೆ ಹಳೆಯ ಮೈಸೂರಿಗೆ ಅಪರಿಚಿತವಲ್ಲ.

ನಿಜವಾದ ಹೊಸತನ ಬಂದುದು 1969ರ ಆಸುಪಾಸಿನಲ್ಲಿ. ಆ ವರ್ಷ ಮೈಸೂರು ವಿಶ್ವವಿದ್ಯಾನಿಲಯವು ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದೇ ವರ್ಷ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆಯಿತು. ಬ್ರಿಟನ್ನಿನ ಸಂಸ್ಥೆಯು ನೆಲೆಗೊಳಿಸಿದ ಒಂದು ಪದ್ಧತಿ ಇಲ್ಲಿ ಮುಖ್ಯವಾಗುತ್ತದೆ. ವಿದ್ಯಾರ್ಥಿಯು ಮನೆಯಲ್ಲಿ ಬರೆದ ನಿಯೋಜಿತ ಬರೆಹವನ್ನು ಅಂಚೆಯಲ್ಲಿ ಕಳುಹಿಸುವುದು, ಬೋಧಕನು ಅಂಕದೊಡನೆ ವಿವರವಾದ ಟಿಪ್ಪಣಿಯನ್ನೂ ಬರೆದು ಹಿಂದಿರುಗಿಸುವುದು. ತರಗತಿಯಿಲ್ಲದ ವಿದ್ಯಾರ್ಥಿಗೆ ಆ ಟಿಪ್ಪಣಿಯೇ ತರಗತಿ. ಇಲ್ಲಿ ಮೌಲ್ಯಮಾಪನವು ಬೋಧನೆಯ ನಂತರ ಬರುವ ಕ್ರಿಯೆಯಲ್ಲ. ಅದೇ ಬೋಧನೆಯ ಪ್ರಧಾನ ಭಾಗ.

ಭಾರತದಲ್ಲಿ 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಈ ಪದ್ಧತಿಯನ್ನು ಅಳವಡಿಸಿಕೊಂಡಿತು. ಅಲ್ಲಿ ಸಾಮಾನ್ಯವಾಗಿ ನಿಯೋಜಿತ ಬರೆಹಕ್ಕೆ ಶೇ. 30, ಜೂನ್ ಮತ್ತು ಡಿಸೆಂಬರಿನ ಅವಧಿ ಅಂತ್ಯದ ಪರೀಕ್ಷೆಗೆ ಶೇ. 70 ಪ್ರಾಧಾನ್ಯ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2020ರ ನಿಯಮಾವಳಿಯು ದೂರಶಿಕ್ಷಣ ಮತ್ತು ಆನ್‌ಲೈನ್ ಕಾರ್ಯಕ್ರಮಗಳಿಗೆ ಇದೇ ಪ್ರಮಾಣವನ್ನು ಕಟ್ಟುಪಾಡಾಗಿಸಿತು: ನಿರಂತರ ಮೌಲ್ಯಮಾಪನಕ್ಕೆ ಗರಿಷ್ಠ ಶೇ. 30, ಅಂತಿಮ ಪರೀಕ್ಷೆಗೆ ಕನಿಷ್ಠ ಶೇ. 70. ಗರಿಷ್ಠ, ಕನಿಷ್ಠ ಎಂಬ ಈ ಎರಡು ಪದಗಳಲ್ಲಿಯೇ ಆಯೋಗದ ನಂಬಿಕೆ ಎತ್ತ ವಾಲಿದೆಯೆಂಬುದು ಸ್ಪಷ್ಟವಾಗಿದೆ.

ಈ ಒಲವಿಗೆ ಕಾರಣವಿಲ್ಲದಿಲ್ಲ. ಮನೆಯಲ್ಲಿ ಬರೆದ ಬರೆಹ ಯಾರದೆಂದು ಹೇಳುವುದು ಕಷ್ಟ. ಸಿದ್ಧ ಉತ್ತರಗಳು ಕೈಯಿಂದ ಕೈಗೆ ದಾಟುತ್ತವೆ. ಈಚೆಗೆ ಕೃತಕ ಬುದ್ಧಿಮತ್ತೆಯೂ ಉತ್ತರ ಬರೆದುಕೊಡುತ್ತದೆ. ಆದುದರಿಂದ ಪರೀಕ್ಷೆಯ ದಿನ ಅಭ್ಯರ್ಥಿಯ ಗುರುತನ್ನು ಬಯೋಮೆಟ್ರಿಕ್ ಮೂಲಕ ದೃಢಪಡಿಸಿಕೊಳ್ಳಬೇಕೆಂಬ ನಿಯಮ ಬಂದಿತು. ಪಾಠವು ಎಲ್ಲಿಗಾದರೂ ತಲುಪಬಹುದು, ಪರೀಕ್ಷೆಗೆ ಮಾತ್ರ ದೇಹ ಹಾಜರಿರಬೇಕು. ಆದರೆ ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ಕಲಿಕೆಯೆಂಬ ಲೆಕ್ಕದಲ್ಲಿ ನಾಲ್ಕು ಕ್ರೆಡಿಟ್ಟಿನ ಪತ್ರಿಕೆಗೆ 120 ಗಂಟೆಗಳು ಸಲ್ಲುತ್ತವೆ. ಪರೀಕ್ಷಾ ಕೊಠಡಿಯು ಕಾಣುವುದು ಅದರ ಕೊನೆಯ ಮೂರು ಗಂಟೆಗಳನ್ನು. ರಾತ್ರಿ ಪಾಳಿ ಮುಗಿಸಿ ಬಂದ ಅಭ್ಯರ್ಥಿಗೆ ಆ ಮೂರು ಗಂಟೆಗಳು ಉಳಿದ 117ರ ನ್ಯಾಯವಾದ ಪ್ರತಿನಿಧಿಯೆಂದು ಹೇಳಲಾಗದು.

ಅಂತರ್ಜಾಲವು ಶೇ. 30ರ ಭಾಗವನ್ನು ಪುನಶ್ಚೇತನಗೊಳಿಸಬಹುದಿತ್ತು. ಆದುದು ಬೇರೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರದ ನಿಯೋಜನೆಗಳಿಗೆ 25, ಮೇಲ್ವಿಚಾರಣೆಯ ಪರೀಕ್ಷೆಗೆ 75 ಅಂಕ. ಹನ್ನೆರಡು ವಾರದ ಕೋರ್ಸಿನಲ್ಲಿ ಅತ್ಯುತ್ತಮವಾದ ಎಂಟು ನಿಯೋಜನೆಗಳನ್ನಷ್ಟೇ ಗಣಿಸಲಾಗುತ್ತದೆ. ಪ್ರಮಾಣಪತ್ರಕ್ಕೆ 25ರಲ್ಲಿ 10, 75ರಲ್ಲಿ 30 ಪ್ರತ್ಯೇಕವಾಗಿ ಬರಬೇಕು. ಒಂದು ಅಥವಾ ಎರಡು ವಾರ ತಪ್ಪಿದ ದುಡಿಯುವ ವಿದ್ಯಾರ್ಥಿಗೆ ಇದು ಉದಾರವಾದ ಏರ್ಪಾಡು. ಆದರೆ ಸಾವಿರಾರು ಜನರ ಉತ್ತರಗಳನ್ನು ತಿದ್ದುವುದು ಯಂತ್ರವಾದುದರಿಂದ ಪ್ರಶ್ನೆಗಳು ಹೆಚ್ಚಾಗಿ ಬಹು ಆಯ್ಕೆಯವು. ಸರಿಯುತ್ತರ ಯಾವುದೆಂದು ಯಂತ್ರ ತಿಳಿಸುತ್ತದೆ. ವಿದ್ಯಾರ್ಥಿಯ ತರ್ಕ ಎಲ್ಲಿ ದಾರಿ ತಪ್ಪಿತೆಂದು ಅವನ ವಾಕ್ಯವನ್ನೇ ಹಿಡಿದು ತೋರಿಸುತ್ತಿದ್ದ ಟಿಪ್ಪಣಿ ಮಾತ್ರ ಇಲ್ಲಿ ಬರುವುದಿಲ್ಲ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇನ್ನೊಂದು ತೊಡಕು. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರಗಳಲ್ಲಿ ತಿಳಿವಳಿಕೆ ವ್ಯಕ್ತವಾಗುವುದು ಬರೆಹದಲ್ಲಿ. ಕಾಗದದ ಮೇಲೆ ನಿರಾಯಾಸವಾಗಿ ನಾಲ್ಕು ಪುಟ ಬರೆಯಬಲ್ಲವನು ಕೀಲಿಮಣೆಯ ಮುಂದೆ ಒತ್ತಕ್ಷರಕ್ಕೆ ತಡವರಿಸಿದರೆ ಅಳೆಯಲ್ಪಡುವುದು ಬೆರಳಚ್ಚಿನ ಅಭ್ಯಾಸ, ವಿಷಯ ಜ್ಞಾನವಲ್ಲ. ಆನ್‌ಲೈನ್ ಮೌಲ್ಯಮಾಪನದ ಚರ್ಚೆಗಳಲ್ಲಿ ಈ ಅಂಶಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಇಷ್ಟಾಗಿಯೂ ಪದವಿಯ ಬೆಲೆಯನ್ನು ಉತ್ತರ ಪತ್ರಿಕೆಯೊಂದೇ ನಿರ್ಧರಿಸುವುದಿಲ್ಲ. ಅಂಚೆ ತೆರಪಿನ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆದುದು. ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರಗಳನ್ನು ತೆರೆದುದು, ಸಹಯೋಗ ಸಂಸ್ಥೆಗಳ ಮೂಲಕ ಕೋರ್ಸುಗಳನ್ನು ನಡೆಸಿದುದು ಮುಂತಾದ ಆಕ್ಷೇಪಗಳ ಮೇಲೆ ಆಯೋಗವು 2015ರ ಜೂನ್‌ನಲ್ಲಿ, 2012–13ರ ಆಚೆಗೆ ಅದಕ್ಕೆ ಮಾನ್ಯತೆಯಿಲ್ಲವೆಂದು ಪ್ರಕಟಿಸಿತು. ಆಕ್ಷೇಪವಿದ್ದುದು ಆಡಳಿತದ ಬಗೆಗೆ. ಪೆಟ್ಟು ಬಿದ್ದುದು ಕರ್ನಾಟಕದೊಳಗೇ ಸಾಮಾನ್ಯ ಕಲಾ, ವಾಣಿಜ್ಯ ಪದವಿಗಳಿಗೆ ಓದುತ್ತಿದ್ದವರಿಗೂ. 2018ರ ಆಗಸ್ಟಿನಲ್ಲಿ ಮಾನ್ಯತೆ ಮರಳಿ ದೊರೆಯಿತಾದರೂ ಅದು ಅನ್ವಯವಾದುದು 2018–19ರ ಸಾಲಿನಿಂದ. 2013–14 ಮತ್ತು 2014–15ರಲ್ಲಿ ಪ್ರವೇಶ ಪಡೆದವರು ಅದರ ವ್ಯಾಪ್ತಿಗೆ ಬರಲಿಲ್ಲ. ನೌಕರಿಯ ಅರ್ಜಿಯೊಡನೆ ಅಂಕಪಟ್ಟಿ ಲಗತ್ತಿಸುವಾಗ ಅವರು ಎದುರಿಸಬೇಕಾದ ಪ್ರಶ್ನೆ ಅಂಕ ಎಷ್ಟೆಂಬುದಾಗಿರಲಿಲ್ಲ, ವರ್ಷ ಯಾವುದೆಂಬುದಾಗಿತ್ತು.