ತವರು ಪಿಚ್ ಮತ್ತು ಬ್ಯಾಟಿಂಗ್: ಬೆಂಗಳೂರಿನ ಎರಡು ನಿದರ್ಶನಗಳು

ಟೆಸ್ಟ್ ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್‌ನ ಕೌಶಲವು ಬಹುಮಟ್ಟಿಗೆ ಅವನು ಆಡಿ ಬೆಳೆದ ನೆಲದಿಂದ ರೂಪುಗೊಳ್ಳುತ್ತದೆ. ಭಾರತದ ಪಿಚ್‌ಗಳು ಸಾಮಾನ್ಯವಾಗಿ ದಿನಗಳೆದಂತೆ ಒಣಗಿ ಬಿರುಕು ಬಿಡುತ್ತವೆ. ಚೆಂಡು ನಿಧಾನವಾಗಿ ಪುಟಿದು ತಿರುಗುತ್ತದೆ. ಇಲ್ಲಿಯ ಆಟಗಾರನಿಗೆ ಮಣಿಕಟ್ಟಿನ ಬಳಕೆಯೂ ಪಾದಚಲನೆಯೂ ಬಾಲ್ಯದಿಂದಲೇ ರೂಢಿಯಾಗಿರುತ್ತವೆ. ತವರಿನ ಅನುಕೂಲವೆಂದರೆ ಮುಖ್ಯವಾಗಿ ಈ ರೂಢಿಯೇ.

ಆದರೆ ಅದು ಸರಾಸರಿಯಲ್ಲಿ ಕಾಣಲೇಬೇಕೆಂಬ ನಿಯಮವಿಲ್ಲ. ಕರ್ನಾಟಕದ ರಾಹುಲ್ ದ್ರಾವಿಡ್ ಅವರ ಟೆಸ್ಟ್ ಸರಾಸರಿ ಸ್ವದೇಶದಲ್ಲಿ 51.35, ವಿದೇಶದಲ್ಲಿ 53.03. ಅಲ್ಲದೆ, ಸ್ಪಿನ್‌ಗೆ ಒದಗುವ ಪಿಚ್ ಆತಿಥೇಯರನ್ನೂ ಕಾಡದೆ ಬಿಡದು. 1987ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಪಡೆದು ಪಾಕಿಸ್ತಾನವನ್ನು 116ಕ್ಕೆ ಉರುಳಿಸಿದರು. ಅದೇ ನೆಲದಲ್ಲಿ ಪಾಕಿಸ್ತಾನದ ತೌಸೀಫ್ ಅಹಮದ್ ಮತ್ತು ಇಕ್ಬಾಲ್ ಕಾಸಿಂ ಪಂದ್ಯದಲ್ಲಿ ತಲಾ 9 ವಿಕೆಟ್ ಗಳಿಸಿದರು. ಸುನಿಲ್ ಗವಾಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ 96 ರನ್ ಮಾಡಿದರೂ ಭಾರತ 16 ರನ್ನುಗಳಿಂದ ಸೋತಿತು. ಆ 96ನ್ನು ಸಪಾಟು ಪಿಚ್‌ನ ದ್ವಿಶತಕದ ಪಕ್ಕದಲ್ಲಿಟ್ಟು ಬರಿಯ ಅಂಕಿಯಿಂದ ಅಳೆಯುವುದು ಅನ್ಯಾಯವೇ ಸರಿ.

2024ರ ಅಕ್ಟೋಬರ್‌ನ ನಿದರ್ಶನ ಇನ್ನೂ ಸ್ಪಷ್ಟ. ನ್ಯೂಜಿಲೆಂಡ್ ವಿರುದ್ಧ ಮೊದಲ ದಿನ ಮಳೆಗೆ ಆಹುತಿಯಾಯಿತು. ಮರುದಿನ ಮೋಡ ಕವಿದ ವಾತಾವರಣದಲ್ಲಿ ಭಾರತವೇ ಮೊದಲು ಬ್ಯಾಟಿಂಗ್ ಆರಿಸಿಕೊಂಡು ವೇಗಿಗಳೆದುರು 46ಕ್ಕೆ ಕುಸಿಯಿತು. ಇದು ತವರಿನಲ್ಲಿ ಅದರ ಕನಿಷ್ಠ ಮೊತ್ತ. ಅದೇ ತಂಡ, ಅದೇ ಪಿಚ್‌ನಲ್ಲಿ, ಎರಡನೆಯ ಇನಿಂಗ್ಸ್‌ನಲ್ಲಿ 462 ರನ್ ಗಳಿಸಿತು. ಆದರೂ ಪಂದ್ಯ 8 ವಿಕೆಟ್‌ಗಳಿಂದ ನ್ಯೂಜಿಲೆಂಡ್ ಪಾಲಾಯಿತು.