ದುಡಿಮೆಯ ಬಾಗಿಲಿಗೂ ಕಾನೂನಿನ ಕಾವಲು

ಬೆಟಗೇರಿಯ ಮಗ್ಗದ ಮನೆಯಿರಲಿ, ಗದುಗಿನ ಮುದ್ರಣಾಲಯವಿರಲಿ, ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯಿರಲಿ, ಮನೆಯ ಹಿಂಸೆ ಹೆಣ್ಣುಮಗಳ ಬೆನ್ನು ಹತ್ತಿ ಅಲ್ಲಿಗೂ ಬರಬಹುದು. ಗಂಡ ಬಾಗಿಲಲ್ಲಿ ನಿಂತು ಕೂಗಾಡಿದರೆ, ಮರ್ಯಾದೆಗೆ ಅಂಜಿ ಕೆಲಸ ಬಿಡುವವಳು ಅವಳೇ. ಬಿಡಬೇಕಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005 ಅವಳ ದುಡಿಮೆಯನ್ನೂ ಕಾಯುತ್ತದೆ.

ತಪ್ಪು ಕಲ್ಪನೆ: “ಮನಿ ಜಗಳ, ಕೆಲಸದ ಜಾಗಕ್ಕ ಕಾನೂನು ಬರೂದಿಲ್ಲ.”
ಸತ್ಯ: 18ನೇ ಕಲಮಿನಡಿ ಮ್ಯಾಜಿಸ್ಟ್ರೇಟರು, ಗಂಡ ಹೆಂಡತಿಯ ಕೆಲಸದ ಸ್ಥಳಕ್ಕೆ ಕಾಲಿಡದಂತೆ, ಫೋನ್ ಕೂಡ ಮಾಡದಂತೆ ಆದೇಶಿಸಬಹುದು. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ತಪ್ಪು ಕಲ್ಪನೆ: “ಹೊಡೆದರಷ್ಟ ಹಿಂಸೆ. ಪಗಾರ ಕಸ್ಕೊಂಡ್ರ ಏನಾತು?”
ಸತ್ಯ: ಪಗಾರ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು ಕೂಡ ಈ ಕಾಯ್ದೆಯ ಕಣ್ಣಲ್ಲಿ ದೌರ್ಜನ್ಯವೇ. ಹಿಂಸೆಯಿಂದ ತಪ್ಪಿದ ಗಳಿಕೆಗೂ ಪರಿಹಾರ ಕೇಳಬಹುದು.

ತಪ್ಪು ಕಲ್ಪನೆ: “ಗಂಡನ ಊರಾಗ ಕೇಸ್ ಹಾಕಬೇಕು.”
ಸತ್ಯ: ಗಂಡನ ಮನೆ ಶಿರಹಟ್ಟಿ, ಅವಳು ಈಗಿರುವ ತವರು ಮುಂಡರಗಿ, ಕೆಲಸ ಗದುಗಿನಲ್ಲಿ ಎನ್ನಿ. ಮೂರರಲ್ಲಿ ಎಲ್ಲಿ ಅನುಕೂಲವೋ ಅಲ್ಲಿಯ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನದೊಳಗೆ ಇಡಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ.

ತಪ್ಪು ಕಲ್ಪನೆ: “ಗಂಡ-ಹೆಂಡ್ತಿ ನಡುವ ನಾವ್ಯಾಕ? ಹೇಳಿದವರು ಸಿಕ್ಕೊಳ್ತಾರ.”
ಸತ್ಯ: ಮಾಲೀಕರಾಗಲಿ, ಜೊತೆಗಾರರಾಗಲಿ, ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ನಿಲ್ಲದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ಸಂರಕ್ಷಣಾಧಿಕಾರಿಯ ಹೊಣೆ ಹೊತ್ತಿದ್ದಾರೆ.

ತಪ್ಪು ಕಲ್ಪನೆ: “ಮನಿ ಹಿಂಸೆಗ ಪಗಾರಸಹಿತ ರಜೆ ಐತಿ.”
ಸತ್ಯ: ಭಾರತದ ಕಾನೂನಿನಲ್ಲಿ ಇನ್ನೂ ಇಲ್ಲ. 2013ರ ಕಾಯ್ದೆಯ ಮೂರು ತಿಂಗಳವರೆಗಿನ ರಜೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದ್ದು. ಫಿಲಿಪೀನ್ಸ್ 2004ರಲ್ಲೇ ಹತ್ತು ದಿನದ ಪಗಾರಸಹಿತ ರಜೆ ಕೊಟ್ಟಿತು. ನ್ಯೂಜಿಲೆಂಡ್ 2019ರಿಂದ ಕೊಡುತ್ತಿದೆ. ನಮ್ಮಲ್ಲೂ ಬರಬೇಕು.

ಅಲ್ಲಿಯವರೆಗೆ ಆ ಕೊರತೆ ತುಂಬುವುದು ಮಾಲೀಕರ ಕೈಯಲ್ಲಿದೆ. ಕೋರ್ಟಿನ ತಾರೀಖಿಗೆ ಬಿಡುವು ಕೊಡಿ, ಪಗಾರ ಅವಳ ಖಾತೆಗೇ ಹಾಕಿ, ಬಾಗಿಲಲ್ಲಿ ಗಲಾಟೆ ಮಾಡಿದವನ ತಪ್ಪಿಗೆ ಅವಳನ್ನು ಕೆಲಸದಿಂದ ತೆಗೆಯಬೇಡಿ. ಅಕ್ಕ, ತಂಗಿ, ನೀವು 181ಕ್ಕೆ ಕರೆ ಮಾಡಿ. ಅಪಾಯ ಎದುರಿಗೇ ಬಂದಿದ್ದರೆ 112. ಕೆಲಸ ಮಾತ್ರ ಬಿಡಬೇಡಿ. ನಾಳೆ ನಿಮ್ಮ ಕಾಲ ಮೇಲೆ ನಿಲ್ಲಲು ಬೇಕಾದ ನೆಲ ಅದೇ.